ತುರ್ತುಕ್‌ನ ಮಾಳಿಗೆಗಳು

ತುರ್ತುಕ್‌ನಲ್ಲಿ ಆಗಸ್ಟ್ ಬಂತೆಂದರೆ ಮಾಳಿಗೆಗಳ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಮಲೆನಾಡಿನ ಅಂಗಳದಲ್ಲಿ ಅಡಿಕೆ ಹರವಿದಂತೆ ಏಪ್ರಿಕಾಟ್ ಹರವಿರುತ್ತಾರೆ. ಹೆಂಗಸರು ಹಣ್ಣಿನ ಸೀಳಿಗೆ ಹೆಬ್ಬೆರಳು ತೂರಿಸಿ ಒಂದೇ ಒತ್ತಿಗೆ ಎರಡು ಹೋಳು ಮಾಡುತ್ತಾರೆ; ಹೋಳು ಬಿಸಿಲಿಗೆ, ಬೀಜ ಬುಟ್ಟಿಗೆ. ಪಕ್ಕದಲ್ಲೇ ಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಬೀಜವಿಟ್ಟು ಟಕ್ಕೆಂದು ಕುಟ್ಟುತ್ತಿರುತ್ತಾರೆ. ಕುಟ್ಟಿ ಕುಟ್ಟಿ ಕಲ್ಲಿನ ನಡುವೆ ಗುಳಿಯೇ ಬಿದ್ದಿದೆ. ತಿರುಳಿನಲ್ಲಿ ಅರ್ಧ ಬಾಯಿಗೆ ಹೋಗುತ್ತದೆ, ಉಳಿದದ್ದು ಎಣ್ಣೆಗೆ.

ಲೇಹ್‌ನಿಂದ ಖಾರ್ದುಂಗ್ ಲಾ ದಾಟಿ, ಶ್ಯೋಕ್ ನದಿಯ ಮಗ್ಗುಲು ಹಿಡಿದು ಇನ್ನೂರು ಕಿಲೋಮೀಟರ್‌ನಷ್ಟು ಬಂದರೆ ಈ ಊರು. ದಾರಿಯುದ್ದಕ್ಕೂ ಬೋಳು ಬೆಟ್ಟ, ಬೂದು ನೀರು, ಸೇನೆಯ ಟ್ರಕ್ಕು. ತುರ್ತುಕ್‌ ತುಸು ತಗ್ಗಿನಲ್ಲಿರುವುದರಿಂದ ಲಡಾಖ್‌ನ ಬಹುಪಾಲು ಊರುಗಳಿಗಿಲ್ಲದ ಭಾಗ್ಯ ಇದಕ್ಕಿದೆ: ವರ್ಷಕ್ಕೆ ಎರಡು ಬೆಳೆ. ಬಾರ್ಲಿ ಕೊಯ್ದ ಗದ್ದೆಯಲ್ಲೇ ಬಕ್‌ವೀಟ್ ಬಿತ್ತುತ್ತಾರೆ. ಜನ ಬಾಲ್ಟಿಗಳು, ಮುಸ್ಲಿಮರು. ಆಡುವ ಮಾತು ಟಿಬೆಟನ್ನಿನ ಬಳಗದ್ದು.

ಊರೊಳಗೆ ನನಗೆ ತುಂಬಾ ಹಿಡಿಸಿದ್ದು ನಾಂಗ್‌ಚುಂಗ್. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಪುಟ್ಟ ಗೂಡು. ಬಾಗಿಲು ತೆಗೆದು ಕೈ ಚಾಚಿದರೆ ಬಂಡೆಗಳ ಸಂದಿಯಿಂದ ಹಿಮದಂಥ ಗಾಳಿ ಮೊಣಕೈವರೆಗೂ ಕೊರೆಯುತ್ತದೆ. ಹೊರಗೆ ಬಿಸಿಲು ಚುರುಗುಟ್ಟುವಾಗ ಒಳಗೆ ಬೆಣ್ಣೆ, ಮಾಂಸ ಕೆಡದೆ ಕೂತಿರುತ್ತವೆ. ವಿದ್ಯುತ್ ಬಿಲ್ಲಿನ ಮಾತೇ ಇಲ್ಲ!

ಈ ಗೂಡುಗಳು ಎರಡು ದೇಶ ಕಂಡಿವೆ. 1971ರ ಡಿಸೆಂಬರ್‌ವರೆಗೆ ತುರ್ತುಕ್ ಪಾಕಿಸ್ತಾನದ ಕೈಯಲ್ಲಿತ್ತು. ಆ ಯುದ್ಧದಲ್ಲಿ ಲಡಾಖ್‌ನವರೇ ಆದ ಮೇಜರ್ ಚೆವಾಂಗ್ ರಿಂಚೆನ್ ನೇತೃತ್ವದ ಪಡೆ ಚಾಲುಂಖಾ, ತುರ್ತುಕ್, ತ್ಯಾಕ್ಷಿ, ಥಾಂಗ್ ಊರುಗಳನ್ನು ಗೆದ್ದುಕೊಂಡಿತು. ಮರುವರ್ಷದ ಶಿಮ್ಲಾ ಒಪ್ಪಂದದ ನಂತರವೂ ಅವು ಭಾರತದಲ್ಲೇ ಉಳಿದವು. ಆಗ ಓದಿಗೆಂದೋ ಕೂಲಿಗೆಂದೋ ಈಗಲೂ ಪಾಕಿಸ್ತಾನದ ಕೈಯಲ್ಲಿರುವ ಸ್ಕರ್ದು ಕಡೆಗೆ ಹೋಗಿದ್ದವರು ಅಲ್ಲಿಯೇ ಉಳಿಯಬೇಕಾಯಿತು. ಗಂಡ ಅತ್ತ, ಹೆಂಡತಿ ಇತ್ತ. ಅಣ್ಣ ಅತ್ತ, ತಮ್ಮ ಇತ್ತ. ಹೊಳೆಗುಂಟ ಇಳಿದರೆ ಸಿಗುವ ನೆಂಟರನ್ನು ಕಾಣಲು 2025ರವರೆಗೆ ವೀಸಾ ಹಿಡಿದು ದೆಹಲಿ, ವಾಘಾ, ಲಾಹೋರ್ ಎಂದು ಸಾವಿರಾರು ಕಿಲೋಮೀಟರ್ ಸುತ್ತಬೇಕಿತ್ತು. ಅದೂ ವೀಸಾ ಸಿಕ್ಕರೆ! ಮುಖ ನೋಡಲು ಈಗ ಫೋನಿದೆ, ಅಷ್ಟೇ. ಹೆಣಕ್ಕೆ ಮಣ್ಣು ಹಾಕಲು ಫೋನು ಸಾಲದು.

ಹೊರಗಿನವರಿಗೆ ಊರು ತೆರೆದದ್ದು 2010ರಲ್ಲಿ. ಅಲ್ಲಿಂದೀಚೆಗೆ ಹೋಮ್‌ಸ್ಟೇಗಳು ಎದ್ದಿವೆ, ಬೆಂಗಳೂರಿನ ಬೈಕುಗಳೂ ಬರುತ್ತವೆ. ಬಂದವರು ಇನ್ನೂ ಮುಂದೆ ಥಾಂಗ್‌ಗೆ ಹೋಗಿ, ದುರ್ಬೀನಿನಲ್ಲಿ ಆಚೆ ದಡದ ಮನೆ, ಹೊಲಗಳನ್ನು ನೋಡಿ ‘ಪಾಕಿಸ್ತಾನ ಕಂಡಿತು’ ಎಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಈ ದುರ್ಬೀನು ನೋಟ ನನಗೆ ಅಷ್ಟಾಗಿ ಒಗ್ಗಲಿಲ್ಲ. ಯಾರದೋ ಹಿತ್ತಿಲು, ಯಾರದೋ ಒಣಹಾಕಿದ ಬಟ್ಟೆ ಅದು. ಆದರೆ ಪ್ರವಾಸಿಗರ ಕಾಸು ಬೇಡವೆನ್ನುವ ಸ್ಥಿತಿಯಲ್ಲಿ ಊರೂ ಇಲ್ಲ. ಬೇಸಗೆ ಮುಗಿದರೆ ಕೋಣೆಗಳು ಖಾಲಿ. ಆಗ ಗಂಡಸರಿಗಿರುವುದು ಹೆಚ್ಚಾಗಿ ಸೇನೆಯ ಪೋರ್ಟರ್ ಕೆಲಸ: ಚಳಿಗಾಲದಲ್ಲಿ ಮೇಲಿನ ಠಾಣೆಗಳಿಗೆ ಸಾಮಾನು ಹೊರುವುದು. ಹಾಗಾಗಿ ಸೆಪ್ಟೆಂಬರ್ ಒಳಗೆ ಒಣಗಿದ ಏಪ್ರಿಕಾಟಿನ ಎಷ್ಟು ಚೀಲ ಮಾರಾಟವಾಯಿತು, ಕಿಲೋಗೆ ಎಷ್ಟು ಸಿಕ್ಕಿತು ಎನ್ನುವುದೇ ಮನೆಮನೆಯ ಚರ್ಚೆ.