ಹೆಬ್ಬೆರಳ ಹಿಂದಿನ ಶಿವ

ಮುರ್ಡೇಶ್ವರದ ದಂಡೆಯಲ್ಲಿ ನಿಂತು, ಕೈ ಚಾಚಿ, 123 ಅಡಿ ಎತ್ತರದ ಶಿವನ ಮೂರ್ತಿಗೆ ಹೆಬ್ಬೆರಳು ಅಡ್ಡ ಹಿಡಿಯಿರಿ. ಮೊದಲು ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅಲುಗಿಲ್ಲ, ಶಿವನೂ ಕದಲಿಲ್ಲ. ಆದರೂ ಬೆರಳು ಪಕ್ಕಕ್ಕೆ ಜಿಗಿದಿರುತ್ತದೆ. ಇದೇ ಪ್ಯಾರಲಾಕ್ಸ್. ದೂರದ ಗುರಿಗೆ ರೈಫಲ್ ಹಿಡಿಯುವವರಿಗೆ ಮೊದಲ ತೊಡಕು ಇದೇ.

ರೈಫಲ್ ಮೇಲೆ ಕೂರಿಸುವ ಸ್ಕೋಪಿನೊಳಗೆ ಬೆರಳಿನ ಬದಲು ಕೂದಲೆಳೆಯಂಥ ಗೆರೆಗಳಿವೆ. ಗುರಿಯ ಬಿಂಬ ಆ ಗೆರೆಗಳಿರುವಲ್ಲೇ ಮೂಡದೆ ತುಸು ಹಿಂದೆಯೋ ಮುಂದೆಯೋ ಮೂಡಿದರೆ, ತಲೆ ಕೊಂಚ ಸರಿದರೂ ಗೆರೆ ಗುರಿಯ ಮೇಲೆ ತೇಲುತ್ತದೆ. ಅದಕ್ಕೇ ಮೊದಲು ಬರಿಯ ಆಕಾಶ ನೋಡುತ್ತ, ಗೆರೆಗಳು ಚೂಪಾಗಿ ಕಾಣುವವರೆಗೆ ಕಣ್ಣಿನ ಕಡೆಯ ಮಸೂರ ತಿರುಗಿಸುತ್ತಾರೆ. ಆಮೇಲೆ ಬಿಂಬವನ್ನು ಗೆರೆಗಳಿರುವಲ್ಲಿಗೆ ತರಲು ಪಕ್ಕದ ತಿರುಪು ತಿರುಗಿಸುತ್ತಾರೆ. ತಲೆ ಅಲ್ಲಾಡಿಸಿದರೂ ಗೆರೆ ಗುರಿಗೆ ಅಂಟಿಕೊಂಡೇ ಇದ್ದರೆ ಆ ಕೆಲಸ ಮುಗಿಯಿತು.

ಇನ್ನು ಗುಂಡಿನ ಬಾಬತ್ತು. ನೋಟ ನೆಟ್ಟಗೆ ಹೋಗುತ್ತದೆ, ಗುಂಡು ಹೋಗುವುದಿಲ್ಲ. ತೋಟದ ಮರದಿಂದ ಕಳಚಿದ ತೆಂಗಿನಕಾಯಿಯನ್ನು ಎಳೆಯುವ ನೆಲವೇ ನಳಿಗೆ ಬಿಟ್ಟ ಗುಂಡನ್ನೂ ಎಳೆಯುತ್ತದೆ. ಸೆಕೆಂಡಿಗೆ 800 ಮೀಟರ್ ಓಡುವ ಗುಂಡು 100 ಮೀಟರ್ ತಲುಪುವಷ್ಟರಲ್ಲಿ 7-8 ಸೆಂಟಿಮೀಟರ್ ಬಿದ್ದಿರುತ್ತದೆ; ಗಾಳಿಯಲ್ಲಿ ಒಂದು ಸೆಕೆಂಡ್ ಇದ್ದರೆ ಹತ್ತಿರಹತ್ತಿರ 5 ಮೀಟರ್. ಹಾಗಾಗಿ ನಳಿಗೆಯ ಮೂತಿ ನೋಟದ ಗೆರೆಗಿಂತ ಒಂದಿಷ್ಟು ಮೇಲಕ್ಕೆ ಎದ್ದಿರುವಂತೆ ಸ್ಕೋಪನ್ನು ಹೊಂದಿಸಿ, ಗೊತ್ತಾದ ಒಂದು ದೂರದಲ್ಲಿ ಗುಂಡಿನ ಹಾದಿ ಆ ಗೆರೆಗೆ ಸೇರುವಂತೆ ಮಾಡುತ್ತಾರೆ. ಅದೇ ‘ಜೀರೋ’. ಆಮೇಲಿನದು ಲೆಕ್ಕ. ಬಹಳಷ್ಟು ಸ್ಕೋಪುಗಳಲ್ಲಿ ಎತ್ತರ ಹೊಂದಿಸುವ ತಿರುಪಿನ ಒಂದು ‘ಕ್ಲಿಕ್’ ಗುಂಡು ತಾಗುವ ಜಾಗವನ್ನು 100 ಮೀಟರಿನಲ್ಲಿ 1 ಸೆಂಟಿಮೀಟರ್, 1,000 ಮೀಟರಿನಲ್ಲಿ 10 ಸೆಂಟಿಮೀಟರ್ ಸರಿಸುತ್ತದೆ.

ದೂರ ಇನ್ನೂ ಬೆಳೆದರೆ ಭೂಮಿಯೇ ಅಡ್ಡ ಬರುತ್ತದೆ. ದಂಡೆಯಲ್ಲಿ ನಿಂತವರಿಗೆ ದಿಗಂತ ಇರುವುದು ಸುಮಾರು 4.5 ಕಿಲೋಮೀಟರ್ ದೂರದಲ್ಲಿ. ಕಡಲ ನಡುವಿನ ನೇತ್ರಾಣಿ ದ್ವೀಪದ ಗುಡ್ಡ ಇರುವುದು ಸುಮಾರು 19 ಕಿಲೋಮೀಟರ್ ಆಚೆ. ಅದರ ಬುಡದ ಹತ್ತು-ಹದಿನೈದು ಮೀಟರ್ ಭಾಗ ನೀರಿನ ಉಬ್ಬಿನ ಹಿಂದಿದೆ. ಎಂಥ ಸ್ಕೋಪೂ ಅದನ್ನು ತೋರಿಸದು. ಲಿಫ್ಟಿನಲ್ಲಿ ಮುರ್ಡೇಶ್ವರ ದೇವಸ್ಥಾನದ ರಾಜಗೋಪುರದ ಮೇಲಕ್ಕೆ ಹೋಗಿ ನೋಡಿ, ಗುಡ್ಡ ನೀರಿಗೆ ತಾಗುವ ಅಂಚೂ ಕಣ್ಣಿಗೆ ಸಿಗಬಲ್ಲದು.

ಆ ಗುಡ್ಡವೇ ನೌಕಾಪಡೆಯ ಫಿರಂಗಿಗಳಿಗೆ ಅಭ್ಯಾಸದ ಗುರಿಯಾಗಿತ್ತು. ಬಿಳಿಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ, ಸುತ್ತಲಿನ ನೀರಿನಲ್ಲಿ ಹವಳವಿದೆ. ಗುರಿಗೆ ಆ ಜಾಗವನ್ನು ಆರಿಸಬಾರದಿತ್ತು ಎಂದೇ ನನ್ನ ಅನಿಸಿಕೆ. ಶೆಲ್ಲಿನ ಚೂರುಗಳು ದ್ವೀಪದಲ್ಲಿ ಸಿಕ್ಕಿವೆ.