ಎಂಟನೇ ಪಾಲು ಒಂಬತ್ತನೆಯದಾದಾಗ

ಶಿವಮೊಗ್ಗದಲ್ಲಿ ನಿವೃತ್ತ ಉರ್ದು ಮೇಷ್ಟ್ರೊಬ್ಬರ ಮನೆಯ ಜಗಲಿಯಲ್ಲಿ ಕಳೆದ ತಿಂಗಳು ನೋಡಿದ ಚೀಟಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಿರಾಣಿ ಅಂಗಡಿ ಬಿಲ್ಲಿನ ಹಿಂಬದಿ. ಪೆನ್ಸಿಲ್ಲಿನಲ್ಲಿ ಬರೆದ 24ನ್ನು ಹೊಡೆದುಹಾಕಿ ಪಕ್ಕದಲ್ಲಿ 27 ಎಂದು ಬರೆದಿತ್ತು.

ಎದುರು ಕೂತಿದ್ದ ಹೆಣ್ಣುಮಗಳ ಗಂಡ ತೀರಿಕೊಂಡು ವರ್ಷವಾಗಿದೆ. ಇಬ್ಬರು ಹೆಣ್ಣುಮಕ್ಕಳು, ಅತ್ತೆ, ಮಾವ ಇದ್ದಾರೆ. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನದ ಕಾಯುವಿಕೆ ಎಂದೋ ಮುಗಿದು, ಈಗ ಹೊಸ ಸಂಬಂಧ ಕೂಡಿಬಂದಿದೆ.

"ನಿಕಾಹ್ ಆದ್ರೆ ಪಾಲು ಹೋಗುತ್ತಂತೆ ಚಾಚಾ, ಮೈದುನ ಹೇಳ್ತಾನೆ."

"ಎಲ್ಲಿಗೂ ಹೋಗಲ್ಲ ಬೇಟಿ. ಅವನ ಉಸಿರು ನಿಂತ ಗಳಿಗೆಗೇ ಅದು ನಿನ್ನದಾಯ್ತು. ಮೊದಲು ಮದುವೇಲಿ ಅವನು ಮಾತು ಕೊಟ್ಟ ಮಹರ್ ಬಾಕಿ ತೀರಿಸ್ಲಿ. ಅದು ಸಾಲ. ಪಾಲಿನ ಮಾತು ಆಮೇಲೆ."

ಷರಿಯತ್ತಿನಲ್ಲಿ ಮಕ್ಕಳಿಲ್ಲದ ವಿಧವೆಗೆ ನಾಲ್ಕನೇ ಒಂದು, ಇದ್ದವಳಿಗೆ ಎಂಟನೇ ಒಂದು ಎಂಬುದು ಗೊತ್ತಿರುವುದೇ. ಆದರೆ ಈ ಮನೆಯ ಆಸ್ತಿಯನ್ನು 24 ಭಾಗ ಮಾಡಿದರೆ ಹೆಂಡತಿಗೆ 3, ಹೆಣ್ಣುಮಕ್ಕಳಿಗೆ ಸೇರಿ 16, ತಂದೆಗೆ 4, ತಾಯಿಗೆ 4. ಕೂಡಿದರೆ 27! ಖಲೀಫ ಅಲಿಯವರು ಮಸೀದಿಯ ವೇದಿಕೆಯಾದ ಮಿಂಬರ್ ಮೇಲೆ ಪ್ರವಚನ ಮಾಡುತ್ತಿದ್ದಾಗ ಯಾರೋ ಇದೇ ಲೆಕ್ಕ ಕೇಳಿದರಂತೆ. 'ಅವಳ ಎಂಟನೆಯದು ಒಂಬತ್ತನೆಯದಾಯಿತು' ಎಂದು ಹೇಳಿ ಅವರು ಪ್ರವಚನ ಮುಂದುವರಿಸಿದರಂತೆ. ಹಾಗಾಗಿ ಇದಕ್ಕೆ 'ಮಿಂಬರಿಯ್ಯಾ' ಎಂದೇ ಹೆಸರು. 27 ಭಾಗ ಮಾಡಿ ಎಲ್ಲರ ಪಾಲನ್ನೂ ಒಂದೇ ಪ್ರಮಾಣದಲ್ಲಿ ತುಸು ತಗ್ಗಿಸುವ ಈ ಕ್ರಮ 'ಔಲ್'. ಶಿಯಾ ಪಂಥದವರು ಒಪ್ಪುವುದಿಲ್ಲ. ಅವರಲ್ಲಿ ಕೊರತೆ ಬೀಳುವುದು ಹೆಣ್ಣುಮಕ್ಕಳ ಪಾಲಿಗೆ. ಬಾಗ್ದಾದಿನ ಅಲ್-ಖ್ವಾರಿಜ್ಮಿ 9ನೇ ಶತಮಾನದ ತನ್ನ ಬೀಜಗಣಿತ ಗ್ರಂಥದ ದೊಡ್ಡ ಭಾಗವನ್ನು ಇಂಥ ಪಾಲಿನ ಲೆಕ್ಕಗಳಿಗೇ ಕೊಟ್ಟ. ನಾವು ಶಾಲೆಯಲ್ಲಿ ಕಲಿತ ಬೀಜಗಣಿತದ ಬೇರಿನಲ್ಲಿ ವಿಧವೆಯರ ಹಕ್ಕಿನ ಪ್ರಶ್ನೆಯೂ ಇತ್ತೆಂದು ತಿಳಿದಾಗ ಮೈ ಜುಮ್ಮೆಂದಿತು.

ಈ ಎಂಟನೇ ಪಾಲಿನ ಹಿಂದೆಯೂ ಒಂದು ದೂರಿದೆ. ಉಹುದ್ ಯುದ್ಧದಲ್ಲಿ ಮಡಿದ ಸಅದ್ ಬಿನ್ ರಬೀಅ್ ಅವರ ಪತ್ನಿ, ಮಕ್ಕಳ ಚಿಕ್ಕಪ್ಪ ಆಸ್ತಿಯೆಲ್ಲ ನುಂಗಿದನೆಂದು ಪ್ರವಾದಿಯವರ ಬಳಿ ದೂರಿದ್ದರು. ಆಗ ಆ ಪತ್ನಿಗೆ ಎಂಟನೇ ಒಂದು ದಕ್ಕಿತು. ನಮ್ಮ ದೇಶದ 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆಯಾದರೋ, ಮರುಮದುವೆಯಾದವಳಿಂದ ಗಂಡನ ಆಸ್ತಿಯ ಹಕ್ಕನ್ನು ಕಿತ್ತುಕೊಂಡಿತ್ತು. ಹಾಗೆಂದು ಷರಿಯತ್ತಿನಲ್ಲಿ ಎಲ್ಲ ಸರಿಯಿದೆ ಎನ್ನಲಾರೆ. ಹೆಂಡತಿ ಸತ್ತರೆ ಗಂಡನಿಗೆ ವಿಧವೆಯ ಪಾಲಿನ ಎರಡರಷ್ಟು. ಅದನ್ನು ನನ್ನ ಮನಸ್ಸು ಇಂದಿಗೂ ಒಪ್ಪಿಲ್ಲ.

"ಮೈದುನನಿಗೆ ಎಷ್ಟು ಬರುತ್ತೆ ಚಾಚಾ?"

"ಅವನ ಅಪ್ಪ ಬದುಕಿದಾರಲ್ಲ, ಏನೂ ಇಲ್ಲ."

ಅವಳು ಚೀಟಿಯನ್ನು ಎರಡು ಸಲ ಓದಿದಳು. ಮೇಷ್ಟ್ರ ಕೈಗೇ ವಾಪಸು ಕೊಟ್ಟಳು.

"ಪೆನ್ಸಿಲ್ ಬೇಡ ಚಾಚಾ, ಪೆನ್ನಲ್ಲಿ ಬರೆದುಕೊಡಿ."