ಎದಿ ಧಡಧಡ ಅಂದ್ರೆ ಯಾವ ಡಾಕ್ಟರ್ ಹತ್ರ ಹೋಗ್ಬೇಕು?

ಇವತ್ತು ನಮ್ಮ ಕಾಕಾನ ಕತೆಯಿಂದ ಶುರು ಮಾಡ್ತೀನಿ. ಅವರನ್ನ ಕೇಳೇ ಹೇಳ್ತಿದ್ದೀನಿ.

ಕಾಕಾ ಇರೋದು ಬೇಮಳಖೇಡದಾಗ. ಎರಡು ವರ್ಷ ಅವರಿಗೆ ಎದಿ ಧಡಧಡ, ತಲಿ ಭಾರ, ನಸುಕಿನ ಮೂರಕ್ಕೇ ಎಚ್ಚರ. ತೊಗರಿ ರಾಶಿ ಟೈಮಿನಾಗೂ ಕಟ್ಟಿ ಮ್ಯಾಲೆ ಸುಮ್ಮನೆ ಕೂತಿರ್ತಿದ್ರು. ಒಬ್ಬ ಡಾಕ್ಟರ್ ಗ್ಯಾಸ್ ಅಂದ್ರು, ಇನ್ನೊಬ್ಬರು ವೀಕ್ನೆಸ್ ಅಂತ ಸಲಾಯಿನ್ ಹಚ್ಚಿದ್ರು. ಇಸಿಜಿ ಮೂರು ಸಲ ಆಯ್ತು. ಮನಸ್ಸು ಹೆಂಗದ ಅಂತ ಯಾರೂ ಕೇಳಲಿಲ್ಲ, ಕಾಕಾನೂ ಹೇಳಲಿಲ್ಲ. ಕೊನೆಗೆ ಬೀದರಿನಲ್ಲಿ ಒಬ್ಬ ಮನೋವೈದ್ಯರು ಕೂಡಿಸಿ ಮಾತಾಡಿಸಿದ್ರು. ಅದು ಖಿನ್ನತೆ.

ಮೊದಲೇ ಸ್ಪೆಷಲಿಸ್ಟ್ ಹತ್ರ ಹೋಗಿದ್ರೆ ಮುಗೀತಿತ್ತು ಅಂತ ಆಗ ನನಗೂ ಅನ್ನಿಸಿತ್ತು. ಆದ್ರೆ ಎರಡನೇ ತಿಂಗಳಿಗೆ ಕಾಕಾ ಗುಳಿಗೆ ಬಿಟ್ಟೇಬಿಟ್ರು. ಯಾಕೆ? ನಾನು ಬಿ.ಕಾಂ ಮನುಷ್ಯ, ಲೆಕ್ಕ ಹಾಕಿದೆ. ಸರ್ಕಾರಿ ಆಸ್ಪತ್ರೆ, ಗುಳಿಗೆ ಪುಕ್ಕಟೆ. ಕಾಕುಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್. ಆದರೂ ಕಾಕಾನ ಬಸ್ ಖರ್ಚು, ಊಟದ ಖರ್ಚು, ಕಾಕುನ ಒಂದು ದಿನದ ಕೂಲಿ, ಹೊಲದ ಕೆಲಸ ಹಾಳು. ಇದು ಪ್ರತಿ ತಿಂಗಳು. ಬಿಲ್‌ನಲ್ಲಿ ಸೊನ್ನೆ ಇದ್ದ ಚಿಕಿತ್ಸೆಯೇ ಅವರಿಗೆ ದುಬಾರಿ ಆಗಿತ್ತು.

ಈ ಲೆಕ್ಕ ಹೊಸದೇನಲ್ಲ. 1985ರಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರು ಮಾಡಿದ್ರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೇ ಮನೋರೋಗ ಗುರುತಿಸೋ ತರಬೇತಿ, ಕೆಲವೇ ಮುಖ್ಯ ಔಷಧ. ಕೈಮೀರಿದ್ದನ್ನ ಮಾತ್ರ ಜಿಲ್ಲಾ ಆಸ್ಪತ್ರೆಗೆ ಕಳಿಸೋದು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಬುನಾದಿ. ಇಡೀ ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಕಡೆಯ ಜಿಲ್ಲೆ, ನಮ್ಮ ಮಂದಿಗೇ ಗೊತ್ತಿಲ್ಲ!

ಊರಿನ ಡಾಕ್ಟರಿಗೆ ಒಂದು ಅನುಕೂಲ ಅದ. ಥೈರಾಯ್ಡ್ ಕಡಿಮೆ ಆದ್ರೂ, ರಕ್ತ ಕಡಿಮೆ ಆದ್ರೂ ಖಿನ್ನತೆ ತರಾನೇ ಸುಸ್ತು ಕಾಣಿಸ್ತದ. ಅದನ್ನ ಮೊದಲು ಪರೀಕ್ಷೆ ಮಾಡಿಸೋದು ಅವರ ಕೆಲಸ. ಸಾಧಾರಣ ಖಿನ್ನತೆ, ಆತಂಕಕ್ಕೆ ತರಬೇತಿ ಆದ ಡಾಕ್ಟರ್ ಔಷಧ ಶುರು ಮಾಡಬಹುದು. ಒಂದು ಮಾತು ನೆನಪಿಡ್ರಿ: ಖಿನ್ನತೆಯ ಗುಳಿಗೆ ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು. ಆರಾಮ ಆದ ಮೇಲೂ ಕೆಲವು ತಿಂಗಳು ನುಂಗಬೇಕು. ಬರೀ ನಿದ್ದಿ ಗುಳಿಗೆ ಕೊಟ್ಟು ಕಳಿಸಿದ್ರೆ ಮಾತ್ರ ಪ್ರಶ್ನೆ ಕೇಳ್ರಿ, ಅದು ಚಟ ಆಗ್ತದ.

ಇನ್ನು ಕಾಯದೇ ಮನೋವೈದ್ಯರ ಹತ್ರ ಹೋಗಬೇಕಾದ್ದು ಯಾವಾಗ? ಸಾಯೋ ವಿಚಾರ ಬಂದಾಗ. ಯಾರೂ ಇಲ್ಲದಾಗ ದನಿ ಕೇಳಿಸ್ತದ ಅಂದಾಗ. ವಿಪರೀತ ಸಂಶಯ, ನಿದ್ದಿನೇ ಇಲ್ಲದೆ ವಿಪರೀತ ಹುರುಪು ಬಂದಾಗ. ಬಾಣಂತಿ ಕೂಸನ್ನೇ ದೂರ ಮಾಡಿದಾಗ. ಕೊಟ್ಟ ಔಷಧ ಹತ್ತದೇ ಇದ್ದಾಗಲೂ. ಲಿಥಿಯಂನಂಥ ಗುಳಿಗೆಗೆ ಆಗಾಗ ರಕ್ತಪರೀಕ್ಷೆ ಬೇಕು, ಅದು ಅವರ ಕೈಯಲ್ಲೇ ಇರಲಿ. ಬೀದರಿನ ತನಕ ಹೋಗೋಕೆ ಆಗಲ್ಲ ಅಂದ್ರೆ ತಾಲೂಕು ಆಸ್ಪತ್ರೆಯಲ್ಲಿ ಕೇಳ್ರಿ. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ಅಲ್ಲಿಗೇ ಬರೋ ಪದ್ಧತಿ ಅದ. ಈಗಲೇ ಮಾತಾಡಬೇಕು ಅನ್ನಿಸಿದ್ರೆ ಟೆಲಿ ಮಾನಸ್ 14416, ಹಗಲು ರಾತ್ರಿ ಪುಕ್ಕಟೆ, ಕನ್ನಡದಾಗೇ.

ನನ್ನ ತಕರಾರು ಬೇರೇನೇ. ಕೆಳಗಿನಿಂದ ಮೇಲಕ್ಕೆ ಚೀಟಿ ಬರೀತಾರ. ಮೇಲಿಂದ ಕೆಳಗೆ ಚೀಟಿ ಬರೋದು ಬಲು ಕಡಿಮೆ. ರೋಗ ಹಿಡಿತಕ್ಕೆ ಬಂದ ಮೇಲೂ ಪ್ರತಿ ತಿಂಗಳು ಜಿಲ್ಲಾ ಕೇಂದ್ರಕ್ಕೇ ಯಾಕೆ ಓಡಾಡಬೇಕು?

ಕಾಕಾನ್ನ ಮತ್ತೆ ಕರ್ಕೊಂಡು ಹೋದಾಗ ನಾನು ಅದನ್ನೇ ಕೇಳಿದೆ. ಬೀದರಿನ ಡಾಕ್ಟರ್ ನಕ್ಕು, ಗುಳಿಗೆ ಹೆಸರು, ಎಷ್ಟು ದಿನ, ಯಾವಾಗ ವಾಪಸ್ ಕಳಿಸ್ಬೇಕು ಅಂತ ನಾಲ್ಕು ಸಾಲು ಬರೆದುಕೊಟ್ರು. ಈಗ ಕಾಕಾ ಊರ ಹತ್ರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಿಪಿ, ಶುಗರ್‌ನವರ ಸಾಲಿನಾಗೇ ನಿಂತು ಗುಳಿಗೆ ತರ್ತಾರ. ಏನು ಗುಳಿಗೆ ಅಂತ ಯಾರೂ ಕೇಳಲ್ಲ.